ಈಸ್ಟರ್ ಬಂದರೆ ಕಷ್ಟ ಹೋಗುತ್ತಾ?

"ಶುಕ್ರವಾರ ಅಷ್ಟೊಂದು ದುಃಖ, ಭಾನುವಾರ ಅಷ್ಟೊಂದು ಖುಷಿ. ಎರಡೇ ದಿನದಲ್ಲಿ ಎಲ್ಲಾ ಹೇಗೆ ಸರಿಹೋಗುತ್ತೆ?" ಈಸ್ಟರ್ ಹಬ್ಬದ ಹೊತ್ತಿಗೆ ಸ್ನೇಹಿತರು ಕೇಳುವ ಮಾತಿದು. ಯೇಸು ಶಿಲುಬೆಯ ಮೇಲೆ ಸತ್ತದ್ದನ್ನು ನಾವು ಶುಕ್ರವಾರ ನೆನೆಯುತ್ತೇವೆ, ಸಮಾಧಿಯಿಂದ ಎದ್ದುಬಂದದ್ದನ್ನು ಭಾನುವಾರ. ನಮ್ಮಪ್ಪ ತೀರಿಕೊಂಡ ಮೇಲಂತೂ ಜಾಸ್ತಿ ಕೇಳುತ್ತಾರೆ.

ಸರಿಹೋಗುವುದಿಲ್ಲ. ಯೇಸುವಿನ ಕಥೆ ಹೇಳುವ ಬೈಬಲ್ಲಿನ ಶುಭಸಂದೇಶಗಳೂ ಹಾಗೆ ಹೇಳುವುದಿಲ್ಲ. ಅವುಗಳಲ್ಲಿ ಮಾರ್ಕನು ಬರೆದದ್ದನ್ನೇ ನೋಡಿ. ಯೇಸುವಿನ ದೇಹಕ್ಕೆ ಸುಗಂಧದ್ರವ್ಯ ಹಚ್ಚಲು ಮೂವರು ಹೆಂಗಸರು ನಸುಕಿನಲ್ಲೇ ಹೊರಟರು. ಸಮಾಧಿಯ ಬಾಯಿಗೆ ಇಟ್ಟಿದ್ದ ಕಲ್ಲನ್ನು ಉರುಳಿಸುವವರು ಯಾರು ಅನ್ನೋದೇ ದಾರಿಯುದ್ದಕ್ಕೂ ಅವರ ಚಿಂತೆ. ಹೋಗಿ ನೋಡಿದರೆ ಕಲ್ಲು ಉರುಳಿತ್ತು, ದೇಹ ಇರಲಿಲ್ಲ. ಅವರು ಕುಣಿದಾಡಲಿಲ್ಲ. ನಡುಗುತ್ತಾ ಓಡಿದರು. ಮೊದಲ ಈಸ್ಟರ್ ಶುರುವಾಗಿದ್ದೇ ಹೀಗೆ.

ಇನ್ನೂ ಒಂದು ವಿಷಯ. ಎದ್ದುಬಂದ ಯೇಸುವಿನ ಕೈಯಲ್ಲಿ ಮೊಳೆಯ ಗುರುತು ಹಾಗೇ ಇತ್ತು. ಎದ್ದುಬಂದದ್ದನ್ನು ನಂಬದಿದ್ದ ಶಿಷ್ಯ ತೋಮನಿಗೆ ಅದನ್ನೇ ತೋರಿಸಿದ್ದು. ಈಸ್ಟರ್ ಹಿಂದಿನ ಶನಿವಾರ ರಾತ್ರಿ ಚರ್ಚಿನಲ್ಲಿ ನಡೆಯುವ ಪಾಸ್ಕ ಜಾಗರಣೆಯ ಪೂಜೆಗೆ ನೀವು ಬಂದರೆ ಇದು ಕಣ್ಣಿಗೇ ಕಾಣುತ್ತೆ. ಚರ್ಚಿನ ಹೊರಗೆ ಹೊಸ ಬೆಂಕಿ ಹಚ್ಚುತ್ತಾರೆ. ಗುರುಗಳು ದೊಡ್ಡ ಮೇಣದಬತ್ತಿಯ ಮೇಲೆ ಶಿಲುಬೆ ಗೀರಿ, ಅದರ ಸುತ್ತ ಆ ವರ್ಷದ ನಾಲ್ಕು ಅಂಕಿ ಗುರುತು ಮಾಡುತ್ತಾರೆ. ಆಮೇಲೆ ಯೇಸುವಿನ ಐದು ಗಾಯಗಳ ನೆನಪಿಗೆ ಐದು ಧೂಪದ ಕಾಳು ಚುಚ್ಚುತ್ತಾರೆ. ಬತ್ತಿ ಹಚ್ಚುವುದು ಅದಾದ ಮೇಲೆ. ಅಪ್ಪ ಹೋದ ವರ್ಷದ ಅಂಕಿಯೂ ಹಾಗೇ ಒಂದು ಬತ್ತಿಯ ಮೇಲಿತ್ತು. ಆ ವರ್ಷವನ್ನು ನನ್ನ ಲೆಕ್ಕದಿಂದ ತೆಗೆದುಹಾಕಿಬಿಡಬೇಕು ಅಂತಿದ್ದವನಿಗೆ ಅದನ್ನು ನೋಡಿ ಏನೋ ಒಂದು ಧೈರ್ಯ ಬಂತು.

ನನಗೆ ತುಂಬಾ ಹಿಡಿಸುವುದು ಯೇಸುವಿನ ಶಿಷ್ಯ ಪೇತ್ರನ ಕಥೆ. ಯೇಸುವನ್ನು ಬಂಧಿಸಿದ ರಾತ್ರಿ ಆತ ಇದ್ದಿಲ ಬೆಂಕಿ ಕಾಯಿಸಿಕೊಳ್ಳುತ್ತಾ "ಅವನ ಕಡೆಯವನು ನಾನಲ್ಲ" ಅಂದಿದ್ದ. ಒಟ್ಟು ಮೂರು ಸಲ ಗುರುತಿಲ್ಲ ಅಂದುಬಿಟ್ಟ. ಯೇಸು ಎದ್ದುಬಂದ ಸುದ್ದಿ ಗೊತ್ತಾದ ಮೇಲೂ, ಇನ್ನೊಂದು ಶುಭಸಂದೇಶದಲ್ಲಿ ಯೊವಾನ್ನ ಬರೆದಿರುವಂತೆ, ಆತ ಹೋಗಿದ್ದು ಮೀನು ಹಿಡಿಯಲಿಕ್ಕೆ. ರಾತ್ರಿಯೆಲ್ಲಾ ಬಲೆ ಬೀಸಿದರೂ ಏನೂ ಸಿಗಲಿಲ್ಲ. ಬೆಳಗಾಗುವಾಗ ದಡದಲ್ಲಿ ಯೇಸು ನಿಂತಿದ್ದರು. ಅವರು ಹೇಳಿದ ಕಡೆ ಬಲೆ ಹಾಕಿದ್ದಕ್ಕೆ 153 ದೊಡ್ಡ ಮೀನು ಬಿದ್ದವು. (ಎಣಿಸಿದ ಪುಣ್ಯಾತ್ಮ ಯಾರೋ!) ದಡಕ್ಕೆ ಬಂದರೆ ಅಲ್ಲೂ ಇದ್ದಿಲ ಬೆಂಕಿ, ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. "ಬನ್ನಿ, ಊಟ ಮಾಡಿ" ಅಂದರು. ಯಾಕೆ ಹಾಗೆ ಮಾಡಿದೆ ಅಂತ ಒಂದು ಮಾತೂ ಕೇಳಲಿಲ್ಲ. ಊಟ ಆದ ಮೇಲೆ ಕೇಳಿದ್ದು "ನನ್ನ ಮೇಲೆ ಪ್ರೀತಿ ಇದೆಯಾ?" ಅಂತ, ಅದೂ ಮೂರು ಸಲ. ಮೂರನೆಯದಕ್ಕೆ ಪೇತ್ರನಿಗೆ ನೋವಾಯಿತು. ಆದರೂ ಉತ್ತರ ಕೊಟ್ಟ. ತಕ್ಷಣ ಕೆಲಸ ಸಿಕ್ಕಿತು: "ನನ್ನ ಕುರಿಗಳನ್ನು ಮೇಯಿಸು."

ನಾನು ನಂಬಿರುವ ಈಸ್ಟರ್ ಇದು. ಮೊದಲು ಹೊಟ್ಟೆಗೆ ಊಟ, ಆಮೇಲೆ ಕಷ್ಟದ ಮಾತು, ಅದರ ಹಿಂದೆಯೇ ಮಾಡಲಿಕ್ಕೊಂದು ಕೆಲಸ. ಅಪ್ಪ ಹೋದ ಮೇಲೆ ನಮ್ಮಮ್ಮನೂ ಹೆಚ್ಚುಕಮ್ಮಿ ಹೀಗೇ ಎದ್ದು ನಿಂತರು. ಅಪ್ಪನನ್ನು ಮತ್ತೆ ನೋಡುತ್ತೇನೆ ಅನ್ನುವ ನಂಬಿಕೆ ಅವರಿಗೆ ಗಟ್ಟಿಯಾಗಿದೆ, ನನಗೂ ಇದೆ. ಆದರೂ ಹಬ್ಬದ ದಿನ ಅಳು ಬಂದರೆ ಇಬ್ಬರೂ ತಡೆದುಕೊಳ್ಳುವುದಿಲ್ಲ.