ಹಳೇ ಬೆಂಜ್ ಕೊಂಡಾಯ್ತು, ಈಗ ಮೊದ್ಲು ಎಂತ ಮಾಡ್ಸದು?

ಅಡಿಕೆಗೆ ರೇಟು ಬಂದ ವರ್ಷ ಈ ಪ್ರಶ್ನೆ ಜಾಸ್ತಿ. ಕೈಗಾದಲ್ಲಿ ನೌಕರಿ ಮಾಡುವವರು ಕೇಳುತ್ತಾರೆ, ಗಲ್ಫಿನಿಂದ ರಜೆಗೆ ಬಂದ ಭಟ್ಕಳದವರು ಕೇಳುತ್ತಾರೆ. ಶಿರಸಿ ಕಡೆಯ ನೆಂಟರಂತೂ ಕಾರನ್ನೇ ಕುಮಟಾಕ್ಕೆ ತಂದು ನನ್ನ ಗ್ಯಾರೇಜಿನ ಎದುರು ನಿಲ್ಲಿಸಿ ಕೇಳುತ್ತಾರೆ: "ಭಾವ, ಹತ್ತು ವರ್ಷದ ಬೆಂಜು, ಒಳ್ಳೇ ರೇಟಿಗೆ ಸಿಕ್ತು. ಈಗ ಮೊದ್ಲು ಎಂತ ಮಾಡ್ಸದು?" ಒಮ್ಮೆ ಬೆಂಜ್ ಇ ಕ್ಲಾಸ್ ಇರುತ್ತದೆ, ಒಮ್ಮೆ ಬಿಎಂಡಬ್ಲ್ಯೂ 5 ಸೀರೀಸ್, ಒಮ್ಮೆ ಆಡಿ ಎ6. ನನ್ನ ಉತ್ತರ ಮಾತ್ರ ಒಂದೇ.

ಆಯಿಲ್ ಬದಲಿಸು ಅನ್ನುತ್ತೇನೆ ಅಂದುಕೊಂಡಿರುತ್ತಾರೆ. ಅದೂ ಆಗಬೇಕು, ಆದರೆ ಆಮೇಲೆ. ಮೊದಲು ಮುಂದಿನ ಎರಡೂ ಸೀಟಿನೆದುರಿನ ಮ್ಯಾಟ್ ತೆಗೆದು, ಬಾಗಿಲ ಹತ್ತಿರ ಕಾರ್ಪೆಟ್ಟಿನ ಅಂಚು ಬಿಡಿಸಿ, ಅದರ ಅಡಿಯ ಸ್ಪಂಜಿಗೆ ಕೈ ತೂರಿಸಿ. ಮೇಲೆ ಒಣಗಿದ್ದರೆ ಸಾಲದು, ಆ ಸ್ಪಂಜು ಒಣಗಿರಬೇಕು. ಆಮೇಲೆ ಡಿಕ್ಕಿಯ ನೆಲ ಎತ್ತಿ, ಸ್ಟೆಪ್ನಿ ಇಡುವ ಗುಂಡಿಯನ್ನೂ ಅದರ ಎರಡು ಪಕ್ಕದ ಮೂಲೆಗಳನ್ನೂ ನೋಡಿ. ನಮ್ಮ ಜಿಲ್ಲೆಯಲ್ಲಿ ಇಂಥ ಕಾರನ್ನು ಕೊಲ್ಲುವುದು ನೀರು. ಎಂಜಿನ್ ಕೆಟ್ಟು ಮೂಲೆ ಸೇರಿದ ಐಷಾರಾಮಿ ಕಾರು ನಾನು ನೋಡಿದ್ದು ಕಡಿಮೆ. ಒಳಗೆ ನೀರು ಸೇರಿ, ಒಂದೊಂದೇ ಲೈಟು ಹೊತ್ತಿಕೊಂಡು, ಕೊನೆಗೆ ಸೆಲ್ಫ್ ಹೊಡೆಯದೆ ಅಂಗಳದಲ್ಲಿ ನಿಂತವೇ ಹೆಚ್ಚು.

ಕಾರಣ ಸರಳ. ಮಾರುತಿ ಆಲ್ಟೋದ ಒಳಗೆ ನೀರು ಬಂದರೆ ಕಾರ್ಪೆಟ್ ನಾರುತ್ತದೆ, ಬಿಸಿಲಿಗೆ ಹಾಕಿದರೆ ಮುಗಿಯಿತು. ಇವುಗಳಲ್ಲಿ ಕಾರ್ಪೆಟ್ಟಿನ ಅಡಿಯಲ್ಲೇ ಕೈಯಷ್ಟು ದಪ್ಪದ ವೈರಿಂಗ್ ಕಟ್ಟು ಓಡಿರುತ್ತದೆ, ಕೆಲವು ಮಾಡೆಲ್‌ಗಳಲ್ಲಿ ಕಂಟ್ರೋಲ್ ಯೂನಿಟ್ಟುಗಳೂ (ಕಾರಿನ ಒಂದೊಂದು ಭಾಗವನ್ನು ನಡೆಸುವ ಸಣ್ಣ ಕಂಪ್ಯೂಟರುಗಳು) ಅಲ್ಲೇ. 5 ಸೀರೀಸ್‌ನಲ್ಲಿ ಬ್ಯಾಟರಿಯೇ ಡಿಕ್ಕಿಯಲ್ಲಿ. ಕನೆಕ್ಟರಿನ ಪಿನ್ನಿಗೆ ಹಸಿರು ಕಿಲುಬು ಹಿಡಿಯಿತೋ, ಕಾರಿಗೆ ಜೋಡಿಸಿ ದೋಷ ಓದುವ ಸ್ಕ್ಯಾನರ್‌ನಲ್ಲಿ ಗೇರ್‌ಬಾಕ್ಸ್ ಕೆಟ್ಟಿದೆ ಅಂತಲೂ ಬರಬಹುದು, ಏರ್‌ಬ್ಯಾಗ್ ಕೆಟ್ಟಿದೆ ಅಂತಲೂ ಬರಬಹುದು. ಅದನ್ನು ನಂಬಿ ಲಕ್ಷಗಟ್ಟಲೆಯ ಯೂನಿಟ್ ಬದಲಿಸಿದವರಿದ್ದಾರೆ. ತೊಂದರೆ ಇದ್ದದ್ದು ಉಗುರಿನಷ್ಟು ಅಗಲದ ಕನೆಕ್ಟರಿನಲ್ಲಿ.

ನೀರು ಬರುವುದೆಲ್ಲಿಂದ? ಮುಕ್ಕಾಲು ಪಾಲು ಸನ್‌ರೂಫಿನಿಂದ. ಸನ್‌ರೂಫಿನ ರಬ್ಬರು ಮಳೆಯನ್ನು ಪೂರ್ತಿ ತಡೆಯುವುದಿಲ್ಲ, ತಡೆಯಬೇಕೆಂದು ಮಾಡಿದ್ದೂ ಅಲ್ಲ. ಒಳಗಿಳಿದ ನೀರು ಸುತ್ತಲಿನ ಕಾಲುವೆಯಲ್ಲಿ ಹರಿದು, ಮೂಲೆಗಳಲ್ಲಿರುವ ಸಣ್ಣ ತೂತಿಗೆ ಬಿದ್ದು, ಛಾವಣಿ ಹೊತ್ತ ಕಂಬದೊಳಗಿನ ಪೈಪಿನಲ್ಲಿ ಇಳಿದು ಚಕ್ರದ ಹತ್ತಿರ ನೆಲಕ್ಕೆ ಬೀಳಬೇಕು. ಪೈಪು ನಮ್ಮ ಕಿರುಬೆರಳಿಗಿಂತ ಸಪೂರ. ಮನೆಯೆದುರು ಮಾವಿನ ಮರ, ಹಲಸಿನ ಮರದ ಬುಡದಲ್ಲಿ ನಿಲ್ಲಿಸಿದ ಕಾರು ಅಂದರೆ ಕೇಳುವುದೇ ಬೇಡ. ಹೂವು, ಧೂಳು, ಒಣಗಿದ ಎಲೆಯ ಪುಡಿ ಸೇರಿ ಅಲ್ಲೊಂದು ಕೆಸರಿನ ಬಿರಡೆ ಆಗುತ್ತದೆ. ಆಷಾಢದ ಮಳೆಗೆ ಕಾಲುವೆ ತುಂಬಿ ನೀರು ಕಾರಿನ ಒಳಗೇ ಇಳಿಯುತ್ತದೆ.

ಪರೀಕ್ಷೆ ಮಾಡಲು ಸ್ಕ್ಯಾನರ್ ಬೇಡ. ಸನ್‌ರೂಫ್ ತೆರೆದು, ಮುಂದಿನ ಎಡ ಮೂಲೆಯ ಕಾಲುವೆಗೆ ಅರ್ಧ ಲೋಟ ನೀರನ್ನು ನಿಧಾನಕ್ಕೆ ಬಿಡಿ. ಒಬ್ಬರು ಎಡಗಡೆ ಮುಂದಿನ ಚಕ್ರದ ಹಿಂದೆ ಕೂತು ನೋಡಲಿ. ತುಸು ಹೊತ್ತಿನಲ್ಲಿ ಧಾರೆ ಬಿದ್ದರೆ ಸರಿ. ಬಾರದಿದ್ದರೆ, ಅಥವಾ ತೊಟ್ಟು ತೊಟ್ಟಾಗಿ ಬಂದರೆ, ಪೈಪ್ ಕಟ್ಟಿದೆ. ಬಲಗಡೆಯೂ ಹಾಗೇ. ಬಿಡಿಸಲು ಗಾಳಿಯ ಕಂಪ್ರೆಸರ್ ಹಿಡಿಯಬೇಡಿ. ಜೋರು ಗಾಳಿಗೆ ಪೈಪು ಕಂಬದೊಳಗಿನ ಜೋಡಣೆಯಿಂದ ಕಳಚಿಕೊಂಡರೆ ಆಮೇಲೆ ಇಡೀ ಮೇಲ್ಗಡೆ ಲೈನಿಂಗ್ ಬಿಚ್ಚಬೇಕು. ತೋಟದ ಕಳೆ ಹೊಡೆಯುವ ಮಶಿನ್ನಿನ ನೈಲಾನ್ ದಾರ ನಿಮ್ಮ ಮನೆಯಲ್ಲಿ ಇದ್ದೇ ಇರುತ್ತದೆ. ಅದರ ತುದಿಯನ್ನು ಬೆಂಕಿಗೆ ಹಿಡಿದು ಗುಂಡಗೆ ಮಾಡಿಕೊಂಡು, ಮೆಲ್ಲಗೆ ತಿರುಗಿಸುತ್ತ ತೂರಿಸಿ. ಕಪ್ಪು ನೀರು ಭಸಕ್ಕನೆ ಬಿದ್ದಾಗ ಕೆಲಸ ಆಯಿತು ಅಂತ ಲೆಕ್ಕ. ಮಳೆಗಾಲಕ್ಕೆ ಮುಂಚೆ ಒಮ್ಮೆ, ನವರಾತ್ರಿ ಹೊತ್ತಿಗೆ ಒಮ್ಮೆ ಇದನ್ನು ಮಾಡಿದರೆ ಖರ್ಚು ಸೊನ್ನೆ.

ಎರಡನೆಯ ಜಾಗ ವೈಪರಿನ ಬುಡ. ಬಾನೆಟ್ ಎತ್ತಿ, ಗಾಜಿನ ಕೆಳಗಿನ ಪ್ಲಾಸ್ಟಿಕ್ ಜಾಲರಿ ತೆಗೆದರೆ ಅಲ್ಲೊಂದು ತೊಟ್ಟಿಯಂಥ ಜಾಗ ಇರುತ್ತದೆ. ಆಡಿಗಳಲ್ಲಿ ಅಲ್ಲಿನ ತೂತುಗಳು ಕಟ್ಟಿ ನೀರು ನಿಲ್ಲುವುದು ಹಳೆಯ ಕಾಯಿಲೆ. ಎಲೆ ಗೋರಿ ತೆಗೆಯಿರಿ, ಅಷ್ಟೇ.

ಕೊಳ್ಳುವ ಮುಂಚೆಯೇ ಈ ಬರಹ ಓದುತ್ತಿದ್ದರೆ ಇನ್ನೂ ಒಳ್ಳೆಯದು. 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿತು, 2018ರಲ್ಲಿ ಕೇರಳ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಶ್ರೀಮಂತ ಬಡಾವಣೆಗಳೇ ಮುಳುಗಿದವು. ಹಾಗೆ ನೀರು ಕುಡಿದ ಕಾರುಗಳಿಗೆ ಪಾಲಿಶ್ ಹೊಡೆದು ಸಣ್ಣ ಊರಿಗೆ ಸಾಗಿಸುವವರು ಇದ್ದಾರೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಪೂರ್ತಿ ಎಳೆದು ನೋಡಿ. ಸೀಟು, ಕಾರ್ಪೆಟ್ ತೊಳೆಯುವವನು ಸುರುಳಿಯೊಳಗಿನ ಕೊನೆಯ ಮೊಳ ಬೆಲ್ಟನ್ನು ತೊಳೆದಿರುವುದಿಲ್ಲ. ಅಲ್ಲಿ ಮಣ್ಣಿನ ಗೆರೆ ಕಂಡರೆ ಚಾ ಕುಡಿದು, ನಮಸ್ಕಾರ ಹೇಳಿ ಹೊರಟು ಬನ್ನಿ. ಸೀಟಿನ ಅಡಿಯ ಹಳಿ, ಬೋಲ್ಟುಗಳ ತುಕ್ಕು ಕೂಡ ಸುಳ್ಳು ಹೇಳುವುದಿಲ್ಲ. ಒಳಗೆ ಕೂತೊಡನೆ ಸೆಂಟಿನ ವಾಸನೆ ಮೂಗಿಗೆ ಹೊಡೆದರೆ ನನಗೆ ಅನುಮಾನ ಶುರು.

ಕಾರು ನೋಡಲು ಬರುವ ಮುಂಚೆ ಎಂಜಿನ್ ಸ್ಟಾರ್ಟ್ ಮಾಡಬಾರದು ಅಂತ ಮಾರುವವರಿಗೆ ಹೇಳಿಡಿ. ಬಾನೆಟ್ ಮುಟ್ಟಿದಾಗ ತಣ್ಣಗಿರಬೇಕು. ಬಿಎಂಡಬ್ಲ್ಯೂದ 2 ಲೀಟರ್ ಡೀಸೆಲ್‌ಗಳಲ್ಲಿ ಎನ್47 ಅನ್ನುವ ಎಂಜಿನ್ ಇದೆ, ಅದರಲ್ಲೂ 2007ರಿಂದ 2011ರ ಸುಮಾರಿನವು. ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಅದರ ಟೈಮಿಂಗ್ ಚೈನ್ ಇರುವುದು ಎಂಜಿನ್ನಿನ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕಡೆ. ಸವೆದರೆ ಸ್ಟಾರ್ಟ್ ಮಾಡಿದಾಗ ಹಿಂದಿನಿಂದ ಕರಕರ ಸದ್ದು. ಬದಲಿಸಲು ಎಂಜಿನ್ನನ್ನೋ ಗೇರ್‌ಬಾಕ್ಸನ್ನೋ ಇಳಿಸಬೇಕು, ಕೂಲಿಯೇ ಕಾರಿನ ಬೆಲೆಯನ್ನು ಅಣಕಿಸುತ್ತದೆ. ಏರ್ ಸಸ್ಪೆನ್ಶನ್ (ಸ್ಪ್ರಿಂಗಿನ ಬದಲು ಗಾಳಿಚೀಲ) ಇರುವ ಬೆಂಜ್ ಆದರೆ ರಾತ್ರಿ ನಿಂತ ಕಾರನ್ನು ಬೆಳಿಗ್ಗೆ ನೋಡಿ. ಒಂದು ಮೂಲೆ ಕುಸಿದಿದ್ದರೆ ಗಾಳಿ ಸೋರುತ್ತಿದೆ.

ಸ್ಕ್ಯಾನರ್ ಹಾಕಿಸಿ, ಆದರೆ ಮೊಬೈಲಿಗೆ ಜೋಡಿಸುವ ಅಗ್ಗದ ಡಬ್ಬಿ ಎಂಜಿನ್ ಬಿಟ್ಟರೆ ಬೇರೆ ಯೂನಿಟ್ಟುಗಳನ್ನು ಸರಿಯಾಗಿ ಓದುವುದಿಲ್ಲ. ಆಯಾ ಕಂಪನಿಗೆ ಹೊಂದುವ ಸ್ಕ್ಯಾನರ್ ಬೇಕು. ಎಲ್ಲ ಯೂನಿಟ್ ಚೊಕ್ಕ, ಒಂದೂ ಫಾಲ್ಟ್ ಇಲ್ಲ ಅಂದರೆ ಖುಷಿಪಡಬೇಡಿ. ಹತ್ತು ವರ್ಷದ ಕಾರಿನಲ್ಲಿ ಒಂದೆರಡು ಹಳೆಯ ಫಾಲ್ಟು ಇರುವುದೇ ಸಹಜ. ಪೂರ್ತಿ ಖಾಲಿ ಇದ್ದರೆ ನಿನ್ನೆ ಯಾರೋ ಅಳಿಸಿದ್ದಾರೆ. ಮೀಟರ್ ತಿರುಗಿಸಿದ್ದರೂ ಕಿಲೋಮೀಟರ್ ಲೆಕ್ಕ ಒಂದೇ ಕಡೆ ಇರುವುದಿಲ್ಲ. ಬಿಎಂಡಬ್ಲ್ಯೂಗಳಲ್ಲಿ ಕೀಲಿಯೊಳಗೂ ದಾಖಲಾಗಿರುತ್ತದೆ.

ಈಗ ಆಯಿಲ್ ವಿಷಯಕ್ಕೆ ಬರೋಣ. ಹಿಂದಿನ ಓನರ್ ಏನೇ ಹೇಳಲಿ, ಎಂಜಿನ್ ಆಯಿಲ್, ಫಿಲ್ಟರುಗಳು, ಬ್ರೇಕ್ ಆಯಿಲ್, ಕೂಲೆಂಟ್ ಎಲ್ಲ ಬದಲಿಸಿ, ತಾರೀಖು ಬರೆದಿಡಿ. ಎಂಜಿನ್ ಆಯಿಲ್ ಡಬ್ಬಿಯ ಮೇಲೆ ನಿಮ್ಮ ಕಾರಿನ ಕಂಪನಿಯ ಒಪ್ಪಿಗೆಯ ನಂಬರ್ ಇರಬೇಕು, ಬೆಂಜ್ ಡೀಸೆಲ್‌ಗೆ 229.51 ಇದ್ದ ಹಾಗೆ. ಕಾರಿನ ಕಂಪ್ಯೂಟರ್ ಇನ್ನೂ ಓಡಿಸು ಎಂದರೂ ವರ್ಷಕ್ಕೊಮ್ಮೆ ಅಥವಾ 10,000 ಕಿಲೋಮೀಟರಿಗೆ ಬದಲಿಸುವುದು ನನ್ನ ಪದ್ಧತಿ. ಕೂಲೆಂಟನ್ನು ಬಣ್ಣ ನೋಡಿ ಬೆರೆಸಬೇಡಿ, ಬಾವಿ ನೀರು ಸುರಿಯಲೇಬೇಡಿ.

ಗೇರ್‌ಬಾಕ್ಸ್ ಆಯಿಲ್ ಬಗ್ಗೆ ಜಗಳ ಆಗುವುದುಂಟು. "ಅದು ಲೈಫ್‌ಟೈಮ್ ಅಂತ ಶೋರೂಮಿನವ್ರೇ ಹೇಳಿದಾರೆ" ಅನ್ನುತ್ತಾರೆ. ಬಿಎಂಡಬ್ಲ್ಯೂಗೆ ಎಂಟು ಗೇರಿನ ಬಾಕ್ಸ್ ಮಾಡಿಕೊಡುವ ಝಡ್‌ಎಫ್ ಕಂಪನಿ ತಾನೇ 80,000ದಿಂದ 1,20,000 ಕಿಲೋಮೀಟರಿನೊಳಗೆ ಬದಲಿಸಿ ಅನ್ನುತ್ತದೆ. ಮಾಡಿದವನ ಮಾತು ನಂಬುವುದಾ, ಮಾರಿದವನ ಮಾತು ನಂಬುವುದಾ? ಅದರಲ್ಲಿ ಫಿಲ್ಟರ್ ಪ್ಲಾಸ್ಟಿಕ್ ತಟ್ಟೆಯ ಜೊತೆಗೇ ಬರುತ್ತದೆ, ತಟ್ಟೆ ಸಮೇತ ಬದಲಿಸಬೇಕು. ಆಯಿಲ್ ಮಟ್ಟವನ್ನು ನಿರ್ದಿಷ್ಟ ಬಿಸಿಯಲ್ಲಿ, ಎಂಜಿನ್ ಓಡುತ್ತಿರುವಾಗ ನೋಡಬೇಕು. ಇದು ಗೊತ್ತಿಲ್ಲದ ಕಡೆ ಮಾಡಿಸುವುದಕ್ಕಿಂತ ಸುಮ್ಮನಿರುವುದು ಲೇಸು.

ಬ್ರೇಕ್ ಆಯಿಲ್ ಮಾತ್ರ ಒಂದು ವಾರವೂ ಮುಂದೂಡಬೇಡಿ. ಇಲ್ಲೂ ನೀರೇ ವಿಲನ್. ಈ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ಅನ್ನುವ ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯುವುದು 230 ಡಿಗ್ರಿಯ ಮೇಲೆ, ತೇವ ಹೀರಿದ ಮೇಲೆ 155ಕ್ಕೆ ಕುದಿಯುವ ಮಟ್ಟಕ್ಕೂ ಇಳಿಯಬಹುದು. ದೇವಿಮನೆ ಘಟ್ಟವನ್ನೋ ಅರಬೈಲ್ ಘಟ್ಟವನ್ನೋ ಇಳಿಯುವಾಗ ಎರಡು ಟನ್ನಿನ ಹತ್ತಿರ ಭಾರದ ಕಾರನ್ನು ಬರೀ ಬ್ರೇಕಿನಲ್ಲೇ ಹಿಡಿದರೆ ಆಯಿಲ್ ಕುದಿದು, ಪೆಡಲ್ ಸ್ಪಂಜಿನ ಹಾಗೆ ಕೆಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಇಳಿಜಾರಿನಲ್ಲಿ ಮ್ಯಾನುವಲ್ ಮೋಡಿಗೆ ಹಾಕಿ ಗೇರ್ ಇಳಿಸಿ. ಆಟೋಮ್ಯಾಟಿಕ್ ಕಾರಿಗೆ ಆ ಸೌಲಭ್ಯ ಕೊಟ್ಟಿರುವುದು ನಮ್ಮ ಘಟ್ಟಕ್ಕಾಗಿಯೇ ಅಂತ ನಾನು ನಂಬಿದ್ದೇನೆ.

ಟೈರಿನ ಗೋಡೆಯ ಮೇಲೆ ನಾಲ್ಕಂಕಿಯ ಗುರುತು ಇರುತ್ತದೆ: 2319 ಅಂದರೆ 2019ರ 23ನೇ ವಾರದ್ದು. ಗ್ರಿಪ್ ಚೆನ್ನಾಗಿದ್ದರೂ ಆರೇಳು ವರ್ಷ ದಾಟಿದ್ದರೆ ಬದಲಿಸಿ.

ಕಾರವಾರದವರಿಗೆ ಒಂದು ಮಾತು ಹೆಚ್ಚು. ಸಮುದ್ರದ ಗಾಳಿಯ ಉಪ್ಪು ಬಾಡಿಯನ್ನು ಅಷ್ಟು ಬೇಗ ತಿನ್ನುವುದಿಲ್ಲ, ಸತು ಬಳಿದ ತಗಡು ಅದು. ಅಡಿಯಲ್ಲಿರುವ ಬ್ರೇಕ್ ಪೈಪು, ಸೈಲೆನ್ಸರ್ ಕ್ಲಾಂಪು, ಅರ್ತಿಂಗ್ ವೈರಿನ ತುದಿಗಳನ್ನು ತಿನ್ನುತ್ತದೆ. ವಾರಕ್ಕೊಮ್ಮೆ ಮೇಲೆ ಶಾಂಪೂ ಹಾಕಿ ಉಜ್ಜುವ ಬದಲು ಅಡಿಗೆ ಸಿಹಿನೀರು ಹೊಡೆಸಿ. ಫೋಟೋಕ್ಕೆ ಚಂದ ಅಂತ ಕಡಲದಂಡೆಯ ಮರಳಿಗೆ ಇಳಿಸುವವರಿಗೆ ನನ್ನ ಹತ್ತಿರ ಉತ್ತರವಿಲ್ಲ.

ಘಟ್ಟದ ಮೇಲಿನವರ ತೊಂದರೆ ಇಲಿ. ಕೊಟ್ಟಿಗೆಯ ಪಕ್ಕ, ಹುಲ್ಲಿನ ಗೊಣಬೆಯ ಹತ್ತಿರ ಕಾರು ನಿಲ್ಲಿಸಿ, ಮದುವೆ ಮುಂಜಿ ಬಂದಾಗ ಮಾತ್ರ ತೆಗೆದರೆ ಬಾನೆಟ್ಟಿನೊಳಗೆ ಇಲಿ ಸಂಸಾರ ಹೂಡುತ್ತದೆ. ಹೊಗೆಸೊಪ್ಪು ಕಟ್ಟಿ, ಫಿನಾಯಿಲ್ ಹಾಕಿ, ಏನೇ ಮಾಡಿ, ದಿನಾ ಓಡುವ ಕಾರಿಗೆ ಇಲಿ ಕಾಟ ಕಡಿಮೆ. ನಿಂತೇ ಇರುವ ಕಾರಿಗೆ ಬೇರೆ ರೋಗಗಳೂ ಬರುತ್ತವೆ. ಬ್ಯಾಟರಿ ಇಳಿಯುತ್ತದೆ. ಹೊಸದು ಹಾಕಿದರೆ ಬಿಎಂಡಬ್ಲ್ಯೂಗಳಲ್ಲಿ ಅದನ್ನು ಸ್ಕ್ಯಾನರಿನಿಂದ ಕಾರಿಗೆ ನೋಂದಾಯಿಸಬೇಕು, ಇಲ್ಲವಾದರೆ ಹಳೆಯ ಬ್ಯಾಟರಿಯ ಲೆಕ್ಕದಲ್ಲೇ ಚಾರ್ಜ್ ಮಾಡುತ್ತ ಹೊಸದನ್ನೂ ಹಾಳುಮಾಡುತ್ತದೆ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಡೀಸೆಲ್ ಕಾರನ್ನು ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಮಾತ್ರ ಓಡಿಸಿದರೆ ಮಸಿ ಸುಡುವಷ್ಟು ಬಿಸಿ ಆಗುವುದೇ ಇಲ್ಲ. ತಿಂಗಳಿಗೆರಡು ಬಾರಿ ಹೆದ್ದಾರಿ 66ರಲ್ಲಿ ಅಂಕೋಲೆಯಿಂದ ಹೊನ್ನಾವರದವರೆಗೆ ಒಂದೇ ಓಟದಲ್ಲಿ ಹೋಗಿ ಬನ್ನಿ, ಕಾರಿಗೂ ಒಳ್ಳೆಯದು, ನಿಮಗೂ.

ಕಾಗದಪತ್ರ. ದಿಲ್ಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಕಾರುಗಳ ಮೇಲೆ 2015ರಲ್ಲಿ ನಿರ್ಬಂಧ ಬಿದ್ದ ಮೇಲೆ ಅಲ್ಲಿಯ ಕಾರು ಅಗ್ಗಕ್ಕೆ ಇಲ್ಲಿಗೆ ಬರುತ್ತಿವೆ, ಗೋವಾದ್ದಂತೂ ಪಕ್ಕದಲ್ಲೇ. ಬೇರೆ ರಾಜ್ಯದ್ದಾದರೆ ಎನ್‌ಒಸಿ ಬೇಕು, ಹನ್ನೆರಡು ತಿಂಗಳು ಮೀರಿ ಇಲ್ಲಿಟ್ಟುಕೊಂಡರೆ ಕೆಎ ನಂಬರ್ ಮಾಡಿಸಲೇಬೇಕು, ಜೀವಾವಧಿ ತೆರಿಗೆ ಕಟ್ಟಲೇಬೇಕು. ತೆರಿಗೆಯ ಲೆಕ್ಕ ಶುರುವಾಗುವುದು ಕಾರು ಹೊಸದಿದ್ದಾಗಿನ ಬೆಲೆಯಿಂದ. ವಯಸ್ಸಿಗೆ ತಕ್ಕ ಹಾಗೆ ಇಳಿಸಿದರೂ ದೊಡ್ಡ ಮೊತ್ತವೇ. ಎಂಟು ಲಕ್ಷಕ್ಕೆ ಸಿಕ್ಕಿತು ಅಂತ ಕುಣಿಯುವ ಮೊದಲು ಕಾರವಾರದ್ದೋ ಶಿರಸಿಯದ್ದೋ ಆರ್‌ಟಿಒದಲ್ಲಿ ವಿಚಾರಿಸಿ. ಬ್ಯಾಂಕ್ ಸಾಲ ತೀರಿದ್ದು ಆರ್‌ಸಿಯಲ್ಲಿ ತೆಗೆಸಿದ್ದಾರಾ ಅಂತಲೂ ನೋಡಿ.

ದುಡ್ಡಿನ ಬಗ್ಗೆ ನನ್ನದೊಂದು ಒರಟು ಲೆಕ್ಕ ಇದೆ. ಕಾರಿನ ಬೆಲೆ ಇಳಿದಿದೆ, ಬಿಡಿಭಾಗದ ಬೆಲೆ ಇಳಿದಿಲ್ಲ. ಅರವತ್ತು ಲಕ್ಷದ ಕಾರಿನ ಹೆಡ್‌ಲೈಟ್ ಅರವತ್ತು ಲಕ್ಷದ ಕಾರಿನದ್ದೇ. ಕೊಟ್ಟ ಬೆಲೆಯ ನಾಲ್ಕನೇ ಒಂದು ಪಾಲು ಮೊದಲ ವರ್ಷಕ್ಕೆಂದು ಬೇರೆ ತೆಗೆದಿಡಲು ಆಗದಿದ್ದರೆ ಹೊಸ ಸಣ್ಣ ಕಾರು ಕೊಳ್ಳಿ ಅಂತ ನೆಂಟರಿಗೂ ನೇರವಾಗಿಯೇ ಹೇಳುತ್ತೇನೆ. ಕೆಲವರು ಆಮೇಲೆ ಮಾತು ಬಿಟ್ಟಿದ್ದಾರೆ.

ಇನ್ನು ದಾರಿಯಲ್ಲಿ ನಿಂತರೆ. ಈ ಕಂಪನಿಗಳ ವರ್ಕ್‌ಶಾಪ್ ಬೇಕೆಂದರೆ ನಾವು ಮಂಗಳೂರಿನ ಕಡೆಗೋ ಗೋವಾದ ಕಡೆಗೋ ನೋಡಬೇಕು. ಹಗ್ಗ ಕಟ್ಟಿ ಜೀಪಿನಿಂದ ಎಳೆಸಬೇಡಿ. ಎಂಜಿನ್ ಬಂದ್ ಇದ್ದಾಗ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಪಂಪ್ ತಿರುಗುವುದಿಲ್ಲ, ಚಕ್ರ ತಿರುಗುತ್ತ ಹೋದರೆ ಆಯಿಲ್ ಇಲ್ಲದೆ ಒಳಗೆಲ್ಲ ತೇಯ್ದು ಹೋಗುತ್ತದೆ. ಕಾರನ್ನು ಪೂರ್ತಿ ಮೇಲೆ ಹೊತ್ತೊಯ್ಯುವ ಗಾಡಿಯೇ ಬರಬೇಕು. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸುವಾಗ ಅದರಲ್ಲಿ ಈ ಸೌಲಭ್ಯ ಇದೆಯಾ, ಎಷ್ಟು ಕಿಲೋಮೀಟರಿನವರೆಗೆ ಅಂತ ಕೇಳಿ. ಐವತ್ತು ಕಿಲೋಮೀಟರ್ ಅಂದರೆ ಕಾರವಾರದಿಂದ ಮಂಗಳೂರಿಗೆ ಅದು ಎಲ್ಲಿಗೂ ಸಾಲುವುದಿಲ್ಲ.