ಹೊಗೆ ಯಾವ ಕಡೆಗೆ ವಾಲಿದೆ

ಕಾರವಾರದ ಬೈತಖೋಲ ಬಂದರನ್ನು ನೋಡುತ್ತ ಬೆಳೆದ ನನಗೆ ಹಡಗಿನ ಚಿತ್ರ ಕಂಡರೆ ಮೊದಲು ಕಣ್ಣು ಹೋಗುವುದು ಬಾವುಟದ ಕಡೆಗೆ. ಬಾವುಟ, ಹಾಯಿ, ಫಿರಂಗಿಯ ಹೊಗೆ ಮೂರೂ ಒಂದೇ ಗಾಳಿಗೆ ವಾಲಿದ್ದರೆ ಮಾತ್ರ ಚಿತ್ರಕಾರನಿಗೆ ಕಡಲು ಗೊತ್ತಿದೆಯೆಂದು ನಂಬುತ್ತೇನೆ. ಕೆಲವು ತಿಂಗಳಿನಿಂದ ಫ್ಲಾಂಡರ್ಸಿನ, ಅಂದರೆ ಇಂದಿನ ಬೆಲ್ಜಿಯಮಿನ ಉತ್ತರ ಭಾಗದ, ನೌಕಾಯುದ್ಧದ ಚಿತ್ರಗಳನ್ನು ಇದೇ ಕಣ್ಣಿನಿಂದ ನೋಡುತ್ತಿದ್ದೇನೆ.

ಅಲ್ಲಿನ ಚಿತ್ರಕಾರ ಹಿರಿಯ ಪೀಟರ್ ಬ್ರೂಗೆಲ್ 16ನೇ ಶತಮಾನದ ನಡುವಿನಲ್ಲಿ ಬರೆದ, ಇಟಲಿಯ ನೇಪಲ್ಸ್ ಕೊಲ್ಲಿಯ ಯುದ್ಧದ ಚಿತ್ರ ಅರ್ಧ ಮೀಟರ್ ಎತ್ತರವೂ ಇಲ್ಲ. ಗುಡ್ಡೆಹಳ್ಳಿಯ ಗುಡ್ಡದ ಮೇಲೆ ನಿಂತು ನಮ್ಮ ಕೊಲ್ಲಿಯನ್ನು ನೋಡಿದಂತೆ, ಬಂದರು, ಊರು, ಹಡಗುಗಳೆಲ್ಲ ಅದರಲ್ಲಿ ಕೆಳಗೆ ಹರಡಿಕೊಂಡಿವೆ. ನಿಜದಲ್ಲಿ ಚೌಕವಾಗಿದ್ದ ಬಂದರುಕಟ್ಟೆಯನ್ನು ಆತ ದುಂಡಗೆ ಬರೆದ. ಅವನಿಗೆ ಕಾಳಗಕ್ಕಿಂತ ಕೊಲ್ಲಿಯೇ ಮುಖ್ಯವಾಗಿತ್ತೆಂದು ನನಗೆ ತೋರುತ್ತದೆ.

1585ರಲ್ಲಿ ಆಂಟ್‌ವರ್ಪ್ ಸ್ಪೇನಿನ ಸೇನೆಯ ವಶವಾದ ಮೇಲೆ ಅನೇಕ ಕಲಾವಿದರು ಉತ್ತರದ ಹಾಲೆಂಡಿಗೆ ಹೋದರು. ಆಂಟ್‌ವರ್ಪಿನಲ್ಲೇ ಉಳಿದ ಪರಂಪರೆಯಲ್ಲಿ, 1590ರಲ್ಲಿ ಹುಟ್ಟಿದ ಆಂದ್ರೀಸ್ ವಾನ್ ಏರ್ಟ್‌ವೆಲ್ಟ್ ತುರ್ಕರಿಗೂ ಕ್ರೈಸ್ತ ರಾಜ್ಯಗಳಿಗೂ ನಡೆದ 1571ರ ಲೆಪಾಂಟೊ ನೌಕಾಯುದ್ಧವನ್ನು ಕಲ್ಪನೆಯಿಂದಲೇ ಚಿತ್ರಿಸಬೇಕಾಯಿತು.

ಫ್ಲಾಂಡರ್ಸಿನ ನಾವಿಕನೊಬ್ಬನ ಮಗನಾಗಿ 1611ರಲ್ಲಿ ಲೈಡನ್ನಿನಲ್ಲಿ ಹುಟ್ಟಿದ ಹಿರಿಯ ವಿಲ್ಲೆಮ್ ವಾನ್ ಡ ವೆಲ್ಡ ಹಾಗಲ್ಲ. ಆತ ಚಿಕ್ಕ ಹಾಯಿಹಡಗೊಂದರಲ್ಲಿ ಯುದ್ಧದ ನಡುವೆಯೇ ಹೋಗಿ, ಕಂಡದ್ದನ್ನು ಅಲ್ಲಿಯೇ ಕಾಗದದ ಮೇಲೆ ಗೀಚಿಕೊಳ್ಳುತ್ತಿದ್ದ. 1653ರ ಆಗಸ್ಟ್ 10ರಂದು ಡಚ್ ನೌಕಾಧಿಪತಿ ಮಾರ್ಟೆನ್ ಟ್ರಾಂಪ್ ಇಂಗ್ಲಿಷರೊಡನೆ ಹೋರಾಡಿ ಮಡಿದ ಟೆರ್ಹೈಡ ಯುದ್ಧವನ್ನು ನಾಲ್ಕು ವರ್ಷಗಳ ಬಳಿಕ ದೊಡ್ಡದಾಗಿ ಬರೆದಾಗ, ದೋಣಿಯಲ್ಲಿ ಕುಳಿತು ಚಿತ್ರ ಬರೆಯುತ್ತಿರುವ ತನ್ನನ್ನೂ ಅದರಲ್ಲಿ ಸೇರಿಸಿದ. ಆ ಚಿತ್ರದಲ್ಲಿ ಬಣ್ಣವಿಲ್ಲ. ಬಿಳಿಯ ನೆಲೆಯ ಮೇಲೆ ಲೇಖನಿ ಮತ್ತು ಶಾಯಿಯಿಂದಲೇ ಹಗ್ಗ, ಹಲಗೆ, ಅಲೆ, ಹೊಗೆ ಎಲ್ಲವೂ ಮೂಡಿವೆ.

ಒಮ್ಮೆ ಕಾಳಿ ನದಿಯ ಅಳಿವೆಯ ಆಚೆ, ಮೀನಿನ ಬೋಟಿನಲ್ಲಿ ಕುಳಿತು ಕೂರ್ಮಗಡ ದ್ವೀಪದ ಗೆರೆ ಎಳೆಯಲು ನಾನು ಯತ್ನಿಸಿದ್ದೆ. ಪ್ರತಿ ಅಲೆಗೂ ಪೆನ್ಸಿಲ್ ಜಾರಿ, ಉಪ್ಪುನೀರು ಸಿಡಿದು ಕಾಗದ ಉಬ್ಬಿ, ಕೊನೆಗೆ ಉಳಿದದ್ದು ಮುರಿದುಮುರಿದು ಹೋದ ನಾಲ್ಕು ಗೆರೆ. ಅಂದು ಯಾರೂ ಗುಂಡು ಹಾರಿಸುತ್ತಿರಲಿಲ್ಲ.

1674ರಲ್ಲಿ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆ, ಯುದ್ಧದ ರೇಖಾಚಿತ್ರಗಳಿಗೆಂದು ಈ ತಂದೆಗೂ, ಅವುಗಳಿಗೆ ಬಣ್ಣ ತುಂಬಲೆಂದು ಅದೇ ಹೆಸರಿನ ಮಗನಿಗೂ ವರ್ಷಕ್ಕೆ ನೂರು ನೂರು ಪೌಂಡ್ ಗೊತ್ತುಮಾಡಿದ. ಮಗನ ಬಣ್ಣಗಳು ಬಹಳ ಚೆಲುವಾಗಿವೆ. ಆದರೂ ನಾನು ಮತ್ತೆ ಮತ್ತೆ ತೆರೆದು ನೋಡುವುದು ತಂದೆಯ ಶಾಯಿಯ ಗೆರೆಗಳನ್ನೇ.