ಕಾಕಾನ ಕ್ರಿಯಾಟಿನಿನ್

ರಾಯಚೂರು, 14 ಮೇ 2024, ಮಂಗಳವಾರ ರಾತ್ರಿ

ಕಾಕಾನ ರಿಪೋರ್ಟ್ ಬಂತು. ಕ್ರಿಯಾಟಿನಿನ್ 1.9. ಹೋದ ವರ್ಷ 1.2 ಇತ್ತು. ಕಾಗದ ಮಡಚಿ ಅಂಗಿ ಜೇಬಿಗೆ ಹಾಕಿಕೊಂಡು ಕಾಕಾ ಅಂದ, "ಒಂದಕ್ಕ ಛಲೋ ಹೋಗ್ತದ. ಕಿಡ್ನಿಗೇನಾಗ್ಯದ?"

ನಮ್ಮ ಮನೆಯಲ್ಲಿ ಎಲ್ಲರದೂ ಇದೇ ನಂಬಿಕೆ. ಆದರೆ ನೀರು ಹೋಗುವುದು ಬೇರೆ, ಕಸ ಹೋಗುವುದು ಬೇರೆ ಅಲ್ವಾ? ಕ್ರಿಯಾಟಿನಿನ್ ಅಂದರೆ ಸ್ನಾಯುಗಳಲ್ಲಿ ದಿನಾ ಹುಟ್ಟುವ ಕಸ. ಅದು ರಕ್ತದಲ್ಲೇ ಉಳಿಯುತ್ತಿದೆ ಅಂದರೆ ಸೋಸುವ ಕೆಲಸ ಕುಂಟುತ್ತಿದೆ.

ಕರೆಂಟ್ ಇರಲಿಲ್ಲ, ಎಲ್ಲರೂ ಮಾಳಿಗೆ ಮೇಲೆ ಮಲಗಿದ್ದೆವು. ಕಾಲೇಜಿನಲ್ಲಿ ಹೇಳುವುದನ್ನೇ ಕಾಕಾನಿಗೂ ಹೇಳಿದೆ. ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ನೆಫ್ರಾನ್, ಅಂದರೆ ರಕ್ತ ಸೋಸುವ ಪುಟ್ಟ ಪುಟ್ಟ ಘಟಕಗಳು. ಪ್ರತಿಯೊಂದರ ತುದಿಯಲ್ಲೂ ಕೂದಲಿಗಿಂತ ಸಣ್ಣ ರಕ್ತನಾಳಗಳ ಗಂಟು. ರಕ್ತದ ಒತ್ತಡಕ್ಕೆ ನೀರು, ಉಪ್ಪು, ಸಕ್ಕರೆ, ಯೂರಿಯಾದಂಥ ಕಸ ಎಲ್ಲಾ ಹೊರಗೆ ಸೋರುತ್ತವೆ. ರಕ್ತಕಣ ದಾಟುವುದಿಲ್ಲ, ಪ್ರೋಟೀನೂ ಹೆಚ್ಚುಕಡಿಮೆ ಒಳಗೇ ಉಳಿಯುತ್ತದೆ. ದಿನಕ್ಕೆ ಹೀಗೆ ಸೋರುವುದು ಸುಮಾರು 180 ಲೀಟರ್.

ಕಾಕಾ ಎದ್ದು ಕೂತ. "ನಮ್ಮ ನೀಲಿ ಡ್ರಮ್ಮಿನಷ್ಟು! ಅಷ್ಟು ನೀರು ನಾ ಎಲ್ಲಿ ಕುಡೀತೀನವ್ವಾ?"

ಕುಡಿಯುವುದಿಲ್ಲ. ಇದ್ದ ನೀರೇ ಮತ್ತೆ ಮತ್ತೆ ಸುತ್ತುತ್ತದೆ. ನೂರರಲ್ಲಿ 99 ಪಾಲು ನೀರನ್ನು ನೆಫ್ರಾನಿನ ನಳಿಕೆಗಳು ವಾಪಸ್ ಎಳೆದುಕೊಳ್ಳುತ್ತವೆ, ಸಕ್ಕರೆಯನ್ನೂ ಬಿಡುವುದಿಲ್ಲ. ಕೊನೆಗೆ ಹೊರಗೆ ಹೋಗುವುದು ಒಂದೂವರೆ ಲೀಟರ್ ಅಷ್ಟೆ.

"ಹಂಗಾದ್ರ ಮೊದಲ ಎಲ್ಲಾ ಯಾಕ ಚೆಲ್ಲಬೇಕು?"

ಪಿಯು ಮಕ್ಕಳು ಯಾರೂ ಇದನ್ನು ಕೇಳಿಲ್ಲ! ಯೋಚಿಸಿ ಹೇಳಿದೆ: ಪ್ರತಿಯೊಂದು ಕಸವನ್ನೂ ಹುಡುಕಿ ಹಿಡಿಯಬೇಕೆಂದರೆ ಕಷ್ಟ. ಬೇಕಾದ್ದನ್ನು ಗುರುತಿಸಿ ಒಳಗೆ ಎಳೆದುಕೊಂಡರೆ ಸಾಕು, ಮಿಕ್ಕಿದ್ದು ತಾನಾಗಿ ಹೊರಗೆ ಹೋಗುತ್ತದೆ. ಕಾಕಾ "ಹ್ಞೂಂ" ಅಂದ. ಒಪ್ಪಿದನೋ, ನಿದ್ದೆ ಬಂತೋ.

ನನಗೆ ನಿದ್ದೆ ಇಲ್ಲ. ಮಂಡಿ ನೋವಿಗೆ ಕಾಕಾ ಮೆಡಿಕಲ್ ಶಾಪಿನಿಂದ ತಂದು ನುಂಗುವ ಗುಳಿಗೆ ತಲೆಯಲ್ಲಿ ಕೊರೆಯುತ್ತಿದೆ. ಅಂಥ ಗುಳಿಗೆಗಳಲ್ಲಿ ಕೆಲವು ಕಿಡ್ನಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತವೆ. ಈ ಬಿಸಿಲಲ್ಲಿ ಗಂಜ್ ಮಾರ್ಕೆಟ್ಟಿನಲ್ಲಿ ನಿಂತು, ನೀರು ಬಿಟ್ಟು ಬರೀ ಚಹಾ ಕುಡಿದರೆ ಇನ್ನೂ ಕೆಟ್ಟದ್ದು. ಮೇಲೆ ಬಿಪಿ ಬೇರೆ. ಕಾಕಿಗೆ ಎಲ್ಲಾ ಗೊತ್ತು, ಸುಮ್ನೆ ಇದ್ದಾಳೆ. ಸಿಟ್ಟು ಬರುತ್ತದೆ.

ಮಾವಿನಕಾಯಿ ಉಪ್ಪಿನಕಾಯಿ ಮಾತ್ರ ಈ ಸಲ ಭಾರೀ ರುಚಿ. ಕಾಕಾ ಮೂರು ಹೋಳು ತಿಂದ, ನಾನೂ ತಡೆಯಲಿಲ್ಲ.

ನಾಳೆ ಡಾಕ್ಟರ್ ಹತ್ತಿರ ಆ ಗುಳಿಗೆ ಚೀಟಿಯನ್ನೂ ಒಯ್ಯಬೇಕು. ಅವ್ವನಿಗೂ ಶುಗರ್ ಇದೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ಅಂತ ಒಮ್ಮೆ ನೋಡಿಸಬೇಕು. ಆದರೆ ಅವಳನ್ನು ಲ್ಯಾಬಿಗೆ ಒಪ್ಪಿಸುವುದು ಅಂದರೆ...